ಎಕ್ಸ್‌ಟೆನ್ಷನ್ ಇನ್ನೂರಾರು

"ಹೊಳೆ ಹೆಂಗೈತ್ರಿ ಇವತ್ತು?"

ದಿನಾ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಆಶಾರಾಣಿ ಕೇಳುವ ಮೊದಲ ಮಾತು ಇದು. ಹಲೋ ಇಲ್ಲ, ನಮಸ್ಕಾರ ಇಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ, ಶಿವಮೂರ್ತಪ್ಪನವರ ಮೆಕ್ಕೆಜೋಳದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಫೋನಿನ ಮೇಲೆ ಎರಡು, ಸೊನ್ನೆ, ಆರು ಒತ್ತುವುದು. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದ ಗೋದಾಮಿನಲ್ಲಿ ಕೂತವನಿಂದ ತುಂಗಭದ್ರೆಯ ಯೋಗಕ್ಷೇಮ ಕೇಳುವುದು.

"ನೀರು ಇಳಿದೈತ್ರಿ," ಅಂದಿತು ಆ ಕಡೆಯ ದನಿ. "ಸೇತುವೆ ಕಂಬದ ಬುಡದಾಗೆ ಒಬ್ಬ ತೆಪ್ಪ ಹಾಕ್ಕೊಂಡು ಕುಂತಾನೆ. ಬಲೆ ಬಿಟ್ಟಾನೋ, ನಿದ್ದಿ ಹೊಡೀತಾನೋ, ಆ ಗಂಗಮ್ಮಂಗೇ ಗೊತ್ತು."

"ನಿಮ್ಮಂಗೇ ಅನ್ರಿ. ಕೆಲಸ ಬಿಟ್ಟು ಹೊಳೆ ನೋಡೋನು."

"ನಾನು ಹೊಳೆ ನೋಡೋದು ಯಾರ ಸಲುವಾಗಿ ಅಂತ ಕೇಳ್ರಿ ಮೊದ್ಲು."

ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಆದರೂ ಆಶಾರಾಣಿ ವೇಲಿನ ತುದಿಯನ್ನು ತುಟಿಗೆ ಒತ್ತಿಕೊಂಡು ನಕ್ಕಳು. ಬೆನ್ನನ್ನು ಕುರ್ಚಿಗೆ ಆನಿಸಿದಳು. ಕುರ್ಚಿಯ ಬೆನ್ನು ಗೋಡೆಗೆ ತಾಗಿತ್ತು.

ಅಷ್ಟರಲ್ಲಿ ಹೊರಗೆ, ಹಮಾಲರ ಮೌಲಾ ಸಾಬ್ ಲಾರಿಗೆ ಚೀಲ ಏರಿಸುತ್ತಾ ಎಣಿಕೆ ಶುರುಮಾಡಿದ. ಮಂಡಿಪೇಟೆಯಲ್ಲಿ ಯಾರೂ 'ಒಂದು' ಎಂದು ಎಣಿಸುವುದಿಲ್ಲ. ಮೊದಲನೇ ಚೀಲಕ್ಕೆ 'ಲಾಭ' ಅನ್ನಬೇಕು.

"ಲಾಭಾ..." ಎಂದು ಕಿಟಕಿಯಿಂದ ಕೇಳಿತು.

"ಲಾಭಾ..." ಎಂದು ರಿಸೀವರಿನಿಂದಲೂ ಕೇಳಿತು.

ಆಶಾರಾಣಿಯ ನಗು ಅರ್ಧಕ್ಕೆ ನಿಂತಿತು. ಕಿವಿ ಚೂಪಾಯಿತು.

"ಎರಡಾ..." ಕಿಟಕಿ. ಅರ್ಧ ಉಸಿರಿನಷ್ಟು ಹೊತ್ತು. "ಎರಡಾ..." ಫೋನು. ಅದೇ ಗಂಟಲು, ಅದೇ ಎಳೆತ. ಮೂರರ ನಂತರ ಮೌಲಾ ಸಾಬ್ ಕೆಮ್ಮಿದ. ಹರಿಹರದಲ್ಲೂ ಕೆಮ್ಮಿದ.

"ರೀ," ಅಂದಳು. "ನೀವು ಎಲ್ಲಿದ್ದೀರಿ?"

"ಗೋದಾಮಿನಾಗೆ. ಮತ್ತೆಲ್ಲಿ?"

"ಅಲ್ಲೂ ಮೌಲಾ ಸಾಬ್ ಅದಾರೇನು?"

ಆ ಕಡೆ ಕಿಟಕಿಯ ಬಾಗಿಲು ಮುಚ್ಚಿದಂಥ ಸದ್ದು. ಮೌಲಾ ಸಾಬ್ ಈಗ ಒಂದೇ ಕಡೆ ಎಣಿಸುತ್ತಿದ್ದ.

"ಲೈನಿನಾಗೆ ಏನೋ ತೊಂದರಿ ಇರ್ಬೇಕ್ರಿ," ಎಂದು ಹೇಳಿ ಅವನು ಫೋನಿಟ್ಟ.

ಲೈನಿನ ತೊಂದರೆ ಆಶಾರಾಣಿಗೆ ಗೊತ್ತಿಲ್ಲದ್ದಲ್ಲ. ಎಕೋ ಆಗಿದ್ದರೆ ಅವಳ ಮಾತೂ ಅವಳಿಗೆ ಮರಳಿ ಕೇಳಬೇಕಿತ್ತು. ಮರಳಿದ್ದು ಬೀದಿ ಮಾತ್ರ.

*

ಅವರ ಪರಿಚಯವಾಗಿದ್ದೇ ಒಂದು ಬೈಗುಳದಿಂದ. ಕಳೆದ ಆಷಾಢದಲ್ಲಿ ಆಶಾರಾಣಿ ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಲಾರಿ ತಡವಾಯಿತೆಂದು ಲಾರಿ ಆಫೀಸಿನವನಿಗೆ ಮೂರು ನಿಮಿಷ ಉಸಿರು ಬಿಡದೆ ಬೈದಳು. ಆ ಕಡೆಯವನು ಪೂರಾ ಕೇಳಿಸಿಕೊಂಡು, "ಮುಗೀತಾ ಮೇಡಂ? ಭಾಳ ಚಂದ ಬೈತೀರಿ. ಆದ್ರೆ ಇದು ಗೋದಾಮ್ರಿ, ಸ್ಟಾಕ್ ಟೇಬಲ್. ಲಾರಿಯೋರು ಇನ್ನೂರಾ ಒಂಬತ್ತು. ಅವರಿಗೆ ಇನ್ನೊಂದ್ಸಲ ಬೈಬೇಕಲ್ಲ, ನೀರು ಕುಡ್ಕೊಳ್ರಿ," ಅಂದಿದ್ದ.

ನೀರು ಕುಡಿಯುತ್ತಾ ಅವಳು ಕೇಳಿದ್ದಳು, "ಅಲ್ಲಿ ಏನದು ಭೋರ್ ಅಂತ ಸದ್ದು?"

"ಹೊಳೆ ರೀ. ತುಂಬಿ ಬಂದೈತೆ. ಕಿಟಕಿಯಿಂದ ಕಾಣ್ತೈತೆ ನೋಡ್ರಿ."

ಹೆಸರು ಅಂಜನಕುಮಾರ. ಹರಿಹರದವನೇ, ಹಮಾಲಿ ಉಚ್ಚಂಗೆಪ್ಪನ ಮಗ. ಅಷ್ಟೇ ಗೊತ್ತು. ಮುಖ ಗೊತ್ತಿಲ್ಲ. ಮೊಬೈಲ್ ನಂಬರು ಒಂದು ಸಲ ಅವಳೇ ಕೊಡಲು ಹೋದಾಗ, "ಬ್ಯಾಡ್ರಿ, ಮೊಬೈಲು ಮನಿಯೋರ ಕೈಗೂ ಹೋಗ್ತೈತೆ. ಇದು ನಮ್ಮಿಬ್ಬರದೇ," ಅಂದಿದ್ದ. ಅವನು ಹೇಳಿದ್ದೂ ಸರಿಯೇ. ಸರಸ್ವತಿ ನಗರದ ಅವರ ಮನೆಯಲ್ಲಿ ಅವಳ ಮೊಬೈಲಿಗೆ ಅವ್ವ ಕಸ್ತೂರಮ್ಮನೂ ಒಡತಿ.

ಆ ಫೋನುಗಳ ಹಿಂದೆ ದೊಡ್ಡ ಸಂಸಾರವೇ ಇತ್ತು. ಅಂಗಡಿಯ ಮಾಳಿಗೆಯ ಮೇಲೊಂದು ಡಿಶ್, ಹರಿಹರದ ಗೋದಾಮಿನ ಮೇಲೊಂದು ಡಿಶ್, ಒಂದರ ಮುಖ ಇನ್ನೊಂದಕ್ಕೆ. ಎರಡೂ ಕಡೆಯ ಕಂಪ್ಯೂಟರು, ಕ್ಯಾಮೆರಾ, ಫೋನು ಎಲ್ಲವೂ ಒಂದೇ ನೆಟ್‌ವರ್ಕು. ಫೋನುಗಳನ್ನು ಕೂಡಿಸುವ ಪೆಟ್ಟಿಗೆ ಮಾತ್ರ ಹರಿಹರದಲ್ಲಿ. ಅಂಗಡಿಯ ಮುಂದಿನ ಟೇಬಲ್ಲಿನಿಂದ ಹಿಂದಿನ ಕೋಣೆಗೆ ಫೋನು ಮಾಡಿದರೂ ಮಾತು ಹರಿಹರಕ್ಕೆ ಹೋಗಿಯೇ ಬರಬೇಕು. ನೆಟ್‌ವರ್ಕ್ ನೋಡಿಕೊಳ್ಳುವ ಗುತ್ತಿಗೆಯವರು ಮೂರು ತಿಂಗಳಿಗೊಮ್ಮೆ ಬಂದಾಗ ಆಶಾರಾಣಿ ಅವರ ಬೆನ್ನ ಹಿಂದೆ ನಿಂತು, ಕೇಳಿ ಕೇಳಿ, ಇದನ್ನೆಲ್ಲ ಕಲಿತಿದ್ದಳು.

ಆಮೇಲೆ ದಸರೆಗೆ ಮುಂಚೆ ಹಿಸ್ಸೆಯಾಯಿತು.

ಶಿವಮೂರ್ತಪ್ಪನವರಿಗೂ ಅವರ ತಮ್ಮ ಕೊಟ್ಟೂರೇಶಪ್ಪನವರಿಗೂ ಯಾತಕ್ಕೆ ಮುರಿಯಿತೋ, ಹಿರಿಯರು ಕೂತು ಎಲ್ಲಾ ಸಮ ಮಾಡಿದರು. ಅಂಗಡಿಯ ನಡುವೆ ಒಂಬತ್ತಿಂಚಿನ ಗೋಡೆ ಎದ್ದಿತು. ಅಣ್ಣನಿಗೆ ಮಂಡಿಪೇಟೆ ರಸ್ತೆಯ ಬಾಗಿಲು ಮತ್ತು ಹರಿಹರದ ಗೋದಾಮು, ತಮ್ಮನಿಗೆ ಹಿಂದಿನ ಗಲ್ಲಿಯ ಬಾಗಿಲು ಮತ್ತು ರೈಸ್ ಮಿಲ್ಲು. ತಕ್ಕಡಿ, ಜರಡಿ, ಟೇಬಲ್ಲು, ಫೋನಿನ ಸೆಟ್ಟುಗಳು, ಎಲ್ಲಾ ಪಾಲು. ಅಜ್ಜನ ಫೋಟೋ ಒಂದೇ ಇತ್ತೆಂದು ಸ್ಟುಡಿಯೋದಲ್ಲಿ ಎರಡನೇ ಕಾಪಿ ತೆಗೆಸಿದರು. ಕೆಲಸದವರನ್ನು ಚೀಟಿ ಎತ್ತಿ ಹಂಚಿದರು; ಹರಿಹರದವರ ಚೀಟಿ ಹರಿಹರದಲ್ಲೇ ಎತ್ತಿದರಂತೆ, ಆಶಾರಾಣಿ ನೋಡಿರಲಿಲ್ಲ.

ಕೊನೆಗೆ ಎರಡೂ ಕಡೆ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದರು. ಗೋಡೆ ಆಚೆಯವರ ಜೊತೆ ಮಾತಿಲ್ಲ. ಅವರ ಹೆಸರು ಬಾಯಲ್ಲಿ ಬರಕೂಡದು. ತಪ್ಪಿದವರು ಅವತ್ತೇ ಕೆಲಸ ಬಿಡಬೇಕು. ಆಶಾರಾಣಿಯೂ ವಿಭೂತಿ ಮುಟ್ಟಿದಳು. ಹೆಸರೇ ತೆಗೆಯುವ ಹಾಗಿಲ್ಲ ಎಂದಮೇಲೆ ಗೋಡೆ ಆಚೆ ಯಾರು ಇದ್ದಾರೆ, ಯಾರು ಇಲ್ಲ ಎಂದು ಯಾರು ಕೇಳುತ್ತಾರೆ? ಹಮಾಲರೂ ಆ ಗೋಡೆಯ ಕಡೆ ನೋಡುವುದನ್ನು ಬಿಟ್ಟರು.

ಅಲ್ಲಿಂದೀಚೆಗೆ ಹರಿಹರದ ಸ್ಟಾಕು ತಾನಾಗಿಯೇ ಅವಳ ಕಂಪ್ಯೂಟರಿನ ಮೇಲೆ ಬಂದು ಬೀಳುತ್ತದೆ. ಫೋನಿನ ಅಗತ್ಯವೇ ಇಲ್ಲ. ಸಾವ್ಕಾರರು ಎಪಿಎಂಸಿಗೆ ಹೋಗುವ ಹನ್ನೊಂದೂ ಕಾಲಿಗೆ ಅವಳು ಇನ್ನೂರಾರು ಒತ್ತುವುದು ಬರೀ ಹೊಳೆಗಾಗಿ.

*

ಗುರುವಾರ ಅವಳು ಹೊಳೆಯನ್ನು ಕೇಳಲಿಲ್ಲ.

"ಭಾನುವಾರ ನಮ್ಮನಿಗೆ ರಾಣೆಬೆನ್ನೂರಿನೋರು ಬರ್ತಾರೆ," ಅಂದಳು. "ಹುಡುಗಂಗೆ ನನ್ನ ಫೋಟೋ ಹಿಡಿಸೈತಂತೆ. ಅವ್ವ ಶನಿವಾರದೊಳಗೆ ಹೂಂ ಅನ್ನು, ಇಲ್ಲಾ ಉಹೂಂ ಅನ್ನು ಅಂತ ಕುಂತಾಳೆ."

ಅವಳು ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಉಹೂಂ ಅಂದ್ರೆ ಯಾಕ ಅಂತ ಕೇಳ್ತಾಳೆ. ಒಂದು ದನಿ ಐತವ್ವಾ, ಹೊಳೆ ಸುದ್ದಿ ಹೇಳ್ತೈತೆ ಅನ್ನಲಾ? ಶನಿವಾರದೊಳಗೆ ಒಂದ್ಸಲ ಎದುರಿಗೆ ಬರ್ರಿ. ಹದಿನಾಲ್ಕು ಕಿಲೋಮೀಟರ್ ಏನು ದೊಡ್ಡ ದೂರ?"

"ದೂರದ ಮಾತಲ್ರಿ," ಅಂದ ಅವನು ತೀರಾ ಮೆಲ್ಲಗೆ. "ನಾನು ಇರೋ ಜಾಗದಿಂದ ನಿಮ್ಮ ಕಡಿಗೆ ಬರಂಗಿಲ್ಲ."

"ಅದ್ಯಾವ ಜಾಗ ರೀ ಅದು?"

"ಬ್ಯಾರೆ ಏನಾರ ಕೇಳ್ರಿ, ಆಶಾ."

ಹೊರಗೆ ಉರಿಬಿಸಿಲು. ಆದರೂ ಅವಳ ತೋಳಿನ ಮೇಲೆ ರೋಮ ಎದ್ದು ನಿಂತವು. ಅವನು ಅವಳನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. ಅದನ್ನು ಸವಿಯುವುದಕ್ಕೂ ಭಯ ಬಿಡಲಿಲ್ಲ.

*

ಶುಕ್ರವಾರ ಶಿವಮೂರ್ತಪ್ಪನವರೇ ಕರೆದರು. "ಏನವ್ವಾ ಆಶಾ, ಗೋದಾಮಿನಾಗೆ ಪ್ರಿಂಟರು ಹೊಡೀವಲ್ದಂತೆ. ಗುತ್ತಿಗೆಯೋರು ಸೋಮವಾರ ಬರ್ತೀವಿ ಅಂತಾರೆ. ನೀನೇ ಹೋಗಿ ನೋಡ್ಕೊಂಡು ಬರ್ತೀಯಾ?"

ಅವಳು ಬಸ್ ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡಳು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಎರಡು ಸಲ ಬೊಟ್ಟು ಸರಿ ಮಾಡಿಕೊಂಡಳು. 'ಬರಂಗಿಲ್ಲ ಅಂದ್ಯಲ್ಲಾ, ನಾನೇ ಬಂದೆ ನೋಡು' ಎನ್ನುವ ಮಾತನ್ನು ಹರಿಹರ ಬರುವ ತನಕ ಬಾಯಲ್ಲೇ ಹೊರಳಿಸಿದಳು.

ಗೋದಾಮಿನಲ್ಲಿ ಕಸ ಗುಡಿಸುವ ಮರಿಯವ್ವ ಒಬ್ಬಳೇ ಇದ್ದಳು.

"ಎಲ್ಲಾ ಲಾರಿ ತೂಗಿಸಾಕ ವೇಬ್ರಿಜ್ಜಿಗೆ ಹೋಗ್ಯಾರವ್ವ. ಊಟ ಮಾಡ್ಕೊಂಡೇ ಬರ್ತಾರೆ. ಕುಂದ್ರು."

"ಸ್ಟಾಕ್ ನೋಡ್ತಾರಲ್ಲ ಅಂಜನಕುಮಾರ, ಅವರೂ ಹೋಗ್ಯಾರಾ?"

ಪೊರಕೆ ನಿಂತಿತು. ಮರಿಯವ್ವ ಬಾಗಿಲ ಕಡೆ ಒಮ್ಮೆ ನೋಡಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಆ ಹೆಸರು ಇಲ್ಲಿ ತೆಗೀಬ್ಯಾಡ ನನ ತಾಯಿ."

"ಯಾಕವ್ವಾ?"

"ತೆಗೀಬ್ಯಾಡ ಅಂದೆ." ಮೂಲೆಯ ಕಡೆ ಗದ್ದ ತೋರಿಸಿದಳು. "ದಸರಾ ಆದ ಮ್ಯಾಲೆ ಅಲ್ಲಿ ಯಾರೂ ಕುಂತಿಲ್ಲ. ನಾ ಅತ್ತಾಗೆ ಕಸ ಹೊಡಿಯಾಕೂ ಹೋಗಲ್ಲ." ಪೊರಕೆಯನ್ನು ಗೋಡೆಗೆ ಒರಗಿಸಿ, ಇನ್ನೊಂದು ಮಾತು ಕೇಳುವ ಮೊದಲೇ ಹೊರಗೆ ನಡೆದುಬಿಟ್ಟಳು.

ಮೂಲೆಯಲ್ಲಿ ಒಂದು ಟೇಬಲ್ಲು, ಒಂದು ಕುರ್ಚಿ. ಎರಡರ ಮೇಲೂ ಜೋಳದ ಹೊಟ್ಟಿನ ಧೂಳು ಹಾಸಿತ್ತು. ಟೇಬಲ್ಲಿನ ಬಲಕ್ಕೆ, ಅಂಗೈಯಷ್ಟು ಚೌಕದಲ್ಲಿ, ಧೂಳು ತೆಳುವಾಗಿತ್ತು. ಫೋನು ಇದ್ದ ಜಾಗ. ಫೋನು ಇರಲಿಲ್ಲ. ವೈರಿನ ತುದಿ ಮೊಂಡಾಗಿ ನೇತಾಡುತ್ತಿತ್ತು. ಟೇಬಲ್ಲಿನ ಅಂಚಿನ ಮೇಲೆ ಅಂಟಿಸಿದ ಚೀಟಿಯ ಮೇಲೆ ೨೦೬ ಎಂದು ಬರೆದಿತ್ತು.

ಹಾಗಾದರೆ ನಿನ್ನೆ ಅವಳಿಗೆ 'ಆಶಾ' ಅಂದದ್ದು ಯಾರು?

ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು. ಪಕ್ಕದ ಟೇಬಲ್ಲಿನ ಮೇಲೆ ಇನ್ನೊಂದು ಫೋನಿತ್ತು. ಇವರ ಎಲ್ಲಾ ಸೆಟ್ಟುಗಳ ಹಾಗೆ, ಎಲ್ಲಿಂದ ಕರೆ ಬಂತೆಂದು ತೋರಿಸದ ಅಗ್ಗದ್ದು. ಮನಸ್ಸು ಬೇಡ ಬೇಡ ಅನ್ನುತ್ತಿದ್ದರೂ ಬೆರಳು ತಾನಾಗಿಯೇ ಒತ್ತಿತು. ಎರಡು, ಸೊನ್ನೆ, ಆರು.

ಧೂಳಿನ ಟೇಬಲ್ಲು ಸುಮ್ಮನಿತ್ತು. ಅಲ್ಲಿ ಏನೂ ರಿಂಗಾಗಲಿಲ್ಲ. ಅವಳ ಕಿವಿಯಲ್ಲಿ ರಿಂಗಾಯಿತು. ಒಂದು ಸಲ. ಎರಡು ಸಲ.

"ಬಂದ್ರಾ?" ಅಂದಿತು ದನಿ. "ಸಿಟ್ಟಾಗಿ ಫೋನೇ ಮಾಡಂಗಿಲ್ಲೇನೋ ಅಂದ್ಕೊಂಡಿದ್ದೆ."

ಆಶಾರಾಣಿ ಖಾಲಿ ಕುರ್ಚಿಯಿಂದ ಕಣ್ಣು ಕೀಳಲಿಲ್ಲ.

"ಹೊಳೆ ಹೆಂಗೈತ್ರಿ?" ತನ್ನ ದನಿ ತನಗೇ ಗುರುತು ಸಿಗಲಿಲ್ಲ.

"ಇಲ್ಲೇ ಕಿಟಕಿಯಾಗಿಂದ ನೋಡ್ತಾ ಇದೀನ್ರಿ. ಮೂರು ಮಂದಿ ಬಟ್ಟಿ ಒಗೀತಾರೆ. ಒಂದು ಎಮ್ಮಿ ನೀರಿನಾಗೆ ಕುಂತು ಏಳವಲ್ದು."

ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯೇ ಇರಲಿಲ್ಲ. ಇದ್ದ ಕಡೆ ಮೆಕ್ಕೆಜೋಳದ ಚೀಲಗಳು ನೆಲದಿಂದ ಸೂರಿನವರೆಗೆ ಪೇರಿಸಿದ್ದವು. ಕಟ್ಟಿಗೆಯ ಚೌಕಟ್ಟಿನ ಒಂದು ಮೂಲೆ ಮಾತ್ರ ಮೇಲೆ ಇಣುಕುತ್ತಿತ್ತು.

"ನಿಮ್ಮ ಟೇಬಲ್ ಮ್ಯಾಲೆ ಏನೇನೈತೆ ಈಗ?"

"ಇದೇನು ಹೊಸ ಪ್ರಶ್ನೆ? ಪೆನ್ನು ಐತೆ. ಈ ಫೋನು ಐತೆ. ಈಗಿನ್ನಾ ಚಾ ತಂದಿಟ್ರು."

ಅವಳು ಎಡಗೈಯನ್ನು ಆ ಟೇಬಲ್ಲಿನ ಮೇಲೆ ಊರಿದಳು. ಧೂಳಿನಲ್ಲಿ ಐದು ಬೆರಳು ಮೂಡಿದವು.

"ಚಾ ಬಿಸಿ ಐತಾ?"

"ಭಾಳ." ಸುರ್ ಎಂದು ಗುಟುಕರಿಸಿದ ಸದ್ದು, ಲೋಟವನ್ನು ಟೇಬಲ್ಲಿನ ಮೇಲೆ ಇಟ್ಟ ಸದ್ದು. ಟಕ್. ಅವಳ ಅಂಗೈಯ ಕೆಳಗಿನ ಟೇಬಲ್ಲು ತಣ್ಣಗೆ, ಅಲುಗಾಡದೆ ಇತ್ತು.

ಕಿರುಚಿಬಿಡಬೇಕು ಅನ್ನಿಸಿತು. ಆದರೆ ಆಶಾರಾಣಿಯ ಸ್ವಭಾವವೇ ಬೇರೆ. ಹೆದರಿದಷ್ಟೂ ಕೈಗೊಂದು ಕೆಲಸ ಬೇಕು ಅವಳಿಗೆ. ಬಂದದ್ದು ಪ್ರಿಂಟರಿಗೆ, ಎದುರಿಗೇ ಗೋದಾಮಿನ ಕಂಪ್ಯೂಟರಿತ್ತು. ರಿಸೀವರನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು, ಗುತ್ತಿಗೆಯವರು ತೋರಿಸಿಕೊಟ್ಟಿದ್ದ ಫೋನಿನ ಪೆಟ್ಟಿಗೆಯ ಪುಟವನ್ನು ತೆರೆದಳು. ಯಾವ ನಂಬರಿನ ಸೆಟ್ಟು ಎಲ್ಲಿ ಕೂತಿದೆ ಎಂದು ಅದು ಸಾಲಾಗಿ ಬರೆದು ತೋರಿಸುತ್ತದೆ.

ಇನ್ನೂರಾರರ ಮುಂದೆ ಹಸಿರು ಚುಕ್ಕೆ. ಸೆಟ್ಟು ಬದುಕಿದೆ, ಮಾತಿನಲ್ಲಿದೆ.

ಅದರ ಮುಂದೆ ಅಡ್ರೆಸ್ಸು. ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು... ಮೂರನೆಯ ಅಂಕಿಯ ಮೇಲೆ ಅವಳ ಕಣ್ಣು ನಿಂತಿತು. ಗುತ್ತಿಗೆಯವರು ಮೊದಲ ದಿನವೇ ಹೇಳಿದ್ದರು: ಹರಿಹರದಲ್ಲಿ ಏನು ಸಿಕ್ಕಿಸಿದರೂ ಆ ಮೂರನೆಯ ಅಂಕಿ ಎರಡು ಬರುತ್ತದೆ, ದಾವಣಗೆರೆಯಲ್ಲಿ ಸಿಕ್ಕಿಸಿದರೆ ಒಂದು. ಫೋನಿನ ನಂಬರು ಸೆಟ್ಟಿನ ಹೊಟ್ಟೆಯಲ್ಲಿರುತ್ತದೆ, ಎಲ್ಲಿಗೆ ಹೊತ್ತೊಯ್ದರೂ ಜೊತೆಗೇ ಬರುತ್ತದೆ. ಅಡ್ರೆಸ್ಸು ಮಾತ್ರ ಜಾಗ ಹೇಳುತ್ತದೆ, ಅದಕ್ಕೆ ಸುಳ್ಳು ಬರುವುದಿಲ್ಲ.

ಅಲ್ಲಿ ಒಂದು ಇತ್ತು.

ದಾವಣಗೆರೆ. ಅವಳ ಅಂಗಡಿ. ಅಲ್ಲಿ ಆರು ಸೆಟ್ಟುಗಳಿವೆ; ಆರೂ ಯಾರ ಯಾರ ಮುಂದಿವೆ ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಏಳನೆಯದೊಂದು ಅದೇ ಕಟ್ಟಡದೊಳಗೆ ಕೂತು ಈಗ ಅವಳ ಕಿವಿಯಲ್ಲಿ ಉಸಿರಾಡುತ್ತಿತ್ತು.

"ಆಶಾ? ಸುಮ್ಮನಾದ್ರಲ್ಲ?"

ಅವಳು ರಿಸೀವರನ್ನು ಮೆಲ್ಲಗೆ, ಸದ್ದಾಗದ ಹಾಗೆ ಇಟ್ಟಳು.

*

ಮಂಡಿಪೇಟೆಗೆ ಮರಳಿದಾಗ ಮೂರೂವರೆ. ಅವಳ ಕೋಣೆಯ ಮೂಲೆಯಲ್ಲಿ ನೆಟ್‌ವರ್ಕಿನ ಸ್ವಿಚ್ಚು ಗೋಡೆಗೆ ಜೋತುಬಿದ್ದಿತ್ತು. ಅದರಿಂದ ಹೊರಡುವ ವೈರುಗ‌ಳನ್ನು ಅವಳು ಒಂದೊಂದಾಗಿ ಬೆರಳಿನಿಂದ ಸವರುತ್ತಾ ಹೋದಳು. ಇದು ಮುಂದಿನ ಟೇಬಲ್ಲಿಗೆ. ಇದು ಕ್ಯಾಮೆರಾಕ್ಕೆ. ಇದು ತನ್ನದು. ಕೊನೆಯದೊಂದು ಯಾರ ಕಡೆಗೂ ಹೋಗಲಿಲ್ಲ. ನೆಲದ ಅಂಚಿಗೆ ಇಳಿದು, ಅವಳ ಕುರ್ಚಿಯ ಹಿಂದೆ ಹರಿದು, ಹೊಸ ಗೋಡೆಯೊಳಗೆ ಹೊಕ್ಕಿತ್ತು. ಗೌಂಡಿ ಅದರ ಸುತ್ತ ಅಚ್ಚುಕಟ್ಟಾಗಿ ಸಿಮೆಂಟು ಮೆತ್ತಿದ್ದ. ಅಜ್ಜನ ಫೋಟೋವನ್ನೂ ಬಿಡದೆ ಪಾಲು ಮಾಡಿದವರಿಗೆ ಈ ವೈರೊಂದು ಕಂಡಿರಲಿಲ್ಲ. ಕಂಡಿದ್ದರೂ ಲೈಟಿನ ವೈರು ಅಂದುಕೊಂಡಿರಬೇಕು.

ಮರಿಯವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡದ್ದು ಯಾಕೆಂದು ಈಗ ತಿಳಿಯಿತು. ಅವಳೂ ವಿಭೂತಿ ಮುಟ್ಟಿದವಳೇ, ಅಂಜನಕುಮಾರ ಈಗ ಗೋಡೆ ಆಚೆಯವನು.

ಸ್ವಿಚ್ಚಿನ ಮೇಲೆ ಆ ವೈರಿನ ಪುಟ್ಟ ದೀಪ ಮಿಣುಕುತ್ತಿತ್ತು. ಆಶಾರಾಣಿ ಗೋಡೆಗೆ ಕಿವಿ ಆನಿಸಿದಳು. ಸುಣ್ಣದ ತಂಪು. ಅದರ ಆಚೆ ಯಾರೋ ಕುರ್ಚಿ ಎಳೆದರು. ಅಷ್ಟೆ. ಆರು ತಿಂಗಳಿಂದ ತನ್ನ ಬೆನ್ನಿನಿಂದ ಮೂರಡಿಯೊಳಗೆ ಒಬ್ಬ ಮನುಷ್ಯ. ಅವಳ ಮಾತು ಹರಿಹರಕ್ಕೆ ಹೋಗಿ, ಅಲ್ಲಿಂದ ತಿರುಗಿ, ಅವಳ ಬೆನ್ನ ಹಿಂದಕ್ಕೇ ಬಂದು ಬೀಳುತ್ತಿತ್ತು.

ಸಿಟ್ಟು ಬರಬೇಕಿತ್ತು. ಮೊದಲು ಅಳು ಬಂತು.

ಸಂಜೆ ಕಸ್ತೂರಮ್ಮ, "ಏನಂತೀಯವ್ವಾ, ಹೂಂ ಅನ್ನಲಾ ಅವರಿಗೆ?" ಅಂದಳು.

"ನಾಳೆ ಮಧ್ಯಾಹ್ನದ ತನಕ ತಡಿಯವ್ವಾ."

"ನಾಳೆ ಮಧ್ಯಾಹ್ನ ಏನು ದೇವರು ಇಳಿದು ಬರ್ತಾನಾ?"

"ಬಂದ್ರೂ ಬರಬಹುದು," ಅಂದಳು ಆಶಾರಾಣಿ.

*

ಶನಿವಾರ. ಹನ್ನೊಂದೂ ಕಾಲು.

"ಹೊಳೆ ಹೆಂಗೈತ್ರಿ?"

"ಇವತ್ತು ಸ್ವಲ್ಪ..."

ಅವಳು ಕುರ್ಚಿಯಿಂದ ಎದ್ದು, ತಿರುಗಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಟಕ್. ಟಕ್. ಟಕ್.

ಅವನ ಮಾತು ನಿಂತಿತು. ಮರುಕ್ಷಣ ಫೋನಿನೊಳಗಿಂದ ಅವಳ ಬಡಿತವೇ ಅವಳಿಗೆ ಕೇಳಿತು. ಟಕ್. ಟಕ್. ಟಕ್.

"ನಿನ್ನೆ ಹರಿಹರಕ್ಕೆ ಹೋಗಿದ್ದೆ," ಅಂದಳು. "ನಿಮ್ಮ ಟೇಬಲ್ಲಿನ ಧೂಳಿನಾಗೆ ಕೈ ಊರಿ ನಿಂತು, ನೀವು ಚಾ ಕುಡಿಯೋದು ಕೇಳಿದೆ. ನೀವು ಸತ್ತೀರಿ ಅಂತ ತಿಳ್ಕೊಂಡೆ ರೀ! ಸತ್ತೋರ ಹತ್ರ ಆರು ತಿಂಗಳು ಮಾತಾಡೀನಿ ಅಂತ ಮೈಯೆಲ್ಲಾ ನಡುಗಿತು."

"ಚೀಟಿ ನನ್ನನ್ನ ಈ ಕಡಿಗೆ ಹಾಕ್ತು," ಅಂದ ಅಂಜನಕುಮಾರ. ದನಿ ಸಣ್ಣಗಾಗಿತ್ತು. "ಸೆಟ್ಟೂ ಸಣ್ಣ ಸಾವ್ಕಾರ್ರ ಪಾಲಿಗೆ ಬಂದಿತ್ತು. ಚೀಲದಾಗೆ ತಂದು ಇಲ್ಲಿ ಗೋಡೆಗಿದ್ದ ವೈರಿಗೆ ಸಿಕ್ಕಿಸಿದೆ. ನಡೀತದೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ಹನ್ನೊಂದೂ ಕಾಲಿಗೆ ರಿಂಗಾತು. ನೀವು ಹೊಳೆ ಹೆಂಗೈತೆ ಅಂದ್ರಿ."

"ಅವತ್ತೇ ಹೇಳ್ಬೇಕಿತ್ತು."

"ಹೇಳಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತಲ್ರಿ. ಗೊತ್ತಿಲ್ದೆ ಮಾತಾಡಿದ್ರೆ ನಿಮ್ಮ ಆಣೆ ಮುರಿಯಲ್ಲ, ನಿಮ್ಮ ಕೆಲಸ ಹೋಗಲ್ಲ. ನನ್ನ ಆಣೆ ಮೊದಲ ದಿನಾನೇ ಮುರೀತು, ಹೋಗ್ಲಿ ಅದು."

"ಮತ್ತೆ ಆ ಹೊಳೆ? ತೆಪ್ಪದೋನು? ಎಮ್ಮಿ? ಎಲ್ಲಾ ಕಟ್ಟುಕಥೆ?"

"ಒಂದೂ ಅಲ್ಲ. ಹರಿಹರದಾಗೇ ಮನಿ ನಂದು. ದಿನಾ ಬೆಳಿಗ್ಗೆ ಹೊಳೆ ದಂಡಿಗೆ ಹೋಗಿ ನೋಡ್ಕೊಂಡೇ ಬಸ್ಸು ಹತ್ತುತೀನಿ, ನೀವು ಕೇಳ್ತೀರಲ್ಲ ಅಂತ. ನಾಲ್ಕು ತಾಸು ಹಳೇ ಹೊಳೆ, ಅಷ್ಟೇ ಸುಳ್ಳು." ಸ್ವಲ್ಪ ತಡೆದ. "ಇನ್ನೊಂದು ಹೇಳಲಾ? ನೀವು ನಕ್ಕರೆ ನನಗೆ ಎರಡು ಸಲ ಕೇಳ್ತಿತ್ತು. ಮೊದ್ಲು ಗೋಡಿಯಿಂದ, ಸಣ್ಣಗೆ. ಆಮ್ಯಾಲೆ ಫೋನಿನಾಗಿಂದ. ಎರಡನೇದು ಬರೋ ತನಕ ಉಸಿರು ಹಿಡ್ಕೊಂಡು ಕುಂತಿರ್ತಿದ್ದೆ. ಅದನ್ನ ಬಿಡಾಕಾಗಲಿಲ್ಲ, ಆಶಾ. ಅದಕ್ಕೇ ಕಳ್ಳ ಆದೆ."

ಆಶಾರಾಣಿ ಹಣೆಯನ್ನು ಗೋಡೆಗೆ ಒತ್ತಿದಳು.

"ಈಗ ನನಗೂ ಗೊತ್ತಾತು. ಗೊತ್ತಾಗಿ ಮಾತಾಡ್ತಾ ಇದೀನಿ. ನನ್ನ ಆಣೇನೂ ಮುರೀತು," ಅಂದಳು. "ಇವತ್ತು ಶನಿವಾರ."

"ರಿಸೀವರ್ ಇಡಬ್ಯಾಡ್ರಿ," ಅಂದ. "ಒಂದೀಟು ತಡೀರಿ."

ರಿಸೀವರನ್ನು ಟೇಬಲ್ಲಿನ ಮೇಲೆ ಇಟ್ಟ ಸದ್ದು. ಕುರ್ಚಿ ಸರಿದ ಸದ್ದು. ಹೆಜ್ಜೆಗಳು ದೂರವಾದವು. ಬಾಗಿಲು.

ಆಮೇಲೆ ಫೋನಿನೊಳಗೆ ಉಳಿದದ್ದು ಯಾರೂ ಇಲ್ಲದ ಒಂದು ಕೋಣೆ. ಅಲ್ಲಿ ಒಂದು ಫ್ಯಾನು ತಿರುಗುತ್ತಿತ್ತು. ಎಲ್ಲೋ ಒಂದು ಹಾಳೆ ಪಟಪಟ ಅನ್ನುತ್ತಿತ್ತು. ಐದು ನಿಮಿಷ. ಹತ್ತು ನಿಮಿಷ. ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಬರಲು ನಾಲ್ಕು ನಿಮಿಷ ಸಾಕು. ಎಪಿಎಂಸಿಯಿಂದ ಶಿವಮೂರ್ತಪ್ಪನವರೇ ಅವತ್ತು ಬೇಗ ಬಂದರು, ಟೋಪಿ ತೆಗೆದು ಗಾದಿಯ ಮೇಲೆ ಕೂತರು. ಆಶಾರಾಣಿ ರಿಸೀವರನ್ನು ಎದೆಗೆ ಒತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತೇ ಇದ್ದಳು. ಒಂದು ಗಳಿಗೆ ಅವಳಿಗೆ ಖಂಡಿತ ಅನ್ನಿಸಿತು: ಆಚೆ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ಹರಿಹರಕ್ಕೆ ಹೋಗಿ ಬಂದ ತನ್ನದೇ ಆಸೆಗೆ ಒಂದು ದನಿ ಹುಟ್ಟಿಕೊಂಡಿತ್ತು, ಅಷ್ಟೆ.

ಹೊಸ್ತಿಲ ಮೇಲೆ ಯಾರೋ ಒಬ್ಬ ಚಪ್ಪಲಿ ಬಿಟ್ಟ.

ಅವಳು ಅಂದುಕೊಂಡದ್ದಕ್ಕಿಂತ ಗಿಡ್ಡ. ಹಣೆಯ ಮೇಲೆ ಕೂದಲು ಹಿಂದೆ ಸರಿಯಲು ಶುರುವಾಗಿತ್ತು. ಅಂಗಿಯ ಕಾಲರಿನ ಮೇಲೆ ಜೋಳದ ಹೊಟ್ಟು. ಓಡಿ ಬಂದವನ ಹಾಗೆ ಎದೆ ಏರಿಳಿಯುತ್ತಿತ್ತು. ಪೂರ್ತಿ ಅಪರಿಚಿತ. ಬೀದಿಯಲ್ಲಿ ಎದುರಾಗಿದ್ದರೆ ಅವಳು ಕಣ್ಣೆತ್ತಿ ನೋಡುತ್ತಲೂ ಇರಲಿಲ್ಲ. ಅವನೂ ಹಾಗೇ ನೋಡುತ್ತಿದ್ದ. ಕಣ್ಣು ಅವಳ ಮುಖದ ಮೇಲೆ ಓಡಾಡಿ, ಕೈಯಲ್ಲಿದ್ದ ರಿಸೀವರಿನ ಮೇಲೆ ನಿಂತಿತು.

"ಆಶಾ," ಅಂದ.

ಗೊತ್ತಿಲ್ಲದ ಬಾಯಿಯಿಂದ ಗೊತ್ತಿರುವ ದನಿ.

"ಯಾರಪ್ಪಾ ನೀನು?" ಶಿವಮೂರ್ತಪ್ಪ ಕನ್ನಡಕ ಏರಿಸಿದರು. "ನೋಡಿದ ಮುಖ ಇದು."

"ಹಮಾಲಿ ಉಚ್ಚಂಗೆಪ್ಪನ ಮಗ ರೀ ಸಾವ್ಕಾರ್ರ, ಅಂಜನಕುಮಾರ. ಗೋಡೆ ಆಚೆ ಇದ್ದೆ. ಈಗಿನ್ನಾ ಸಣ್ಣ ಸಾವ್ಕಾರ್ರಿಗೆ ಹೇಳಿ ಕೆಲಸ ಬಿಟ್ಟು ಬಂದೆ. ಆಣೆ ಅಂದ್ರೆ ಆಣೆ. ಈಗ ನಾನು ಯಾರ ಕಡೆಯೋನೂ ಅಲ್ಲ."

"ಮತ್ತಿಲ್ಲಿಗ್ಯಾಕ ಬಂದ್ಯೋ?"

"ಇವರ ಹತ್ರ ಒಂದು ಮಾತು ಆಡಬೇಕಿತ್ರಿ."

ಸಾವ್ಕಾರರು ತಿರುಗಿ ನೋಡಿದರು. "ಏನವ್ವಾ, ನೀನೂ ವಿಭೂತಿ ಮುಟ್ಟಿದ್ದಿ. ಮರ್ತ್ಯಾ?"

"ಮರ್ತಿಲ್ರಿ. ಕೆಲಸ ಬಿಡು ಅಂದ್ರೆ ಬಿಡ್ತೀನಿ. ಅದಕ್ಕೂ ಮೊದ್ಲು ಅರ್ಧ ದಿನ ರಜೆ ಕೊಡ್ರಿ."

"ಕೆಲಸ ಬಿಡೋಳಿಗೆ ರಜೆ ಯಾತಕ್ಕ?"

"ಅವ್ವಂಗೆ ಇವರನ್ನ ತೋರಿಸ್ಬೇಕ್ರಿ."

ಶಿವಮೂರ್ತಪ್ಪ ಗಾದಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತರು. ಕೊನೆಗೆ ಬಾಯಿ ಬಿಟ್ಟಾಗ ಅವರು ನೋಡುತ್ತಿದ್ದದ್ದು ಗೋಡೆಯನ್ನು.

"ಕೊಟ್ಟೂರೇಶಿ ಹೆಂಗದಾನೋ?" ಅಂದರು. ಐದಾರು ತಿಂಗಳಲ್ಲಿ ಆ ಹೆಸರು ಆ ಅಂಗಡಿಯಲ್ಲಿ ಮೊದಲ ಸಲ ಕೇಳಿತು. "ಶುಗರ್ ಹೆಚ್ಚಾಗಿತ್ತಲ್ಲ ಅವಂದು."

"ಆರಾಮದಾರ್ರಿ. ನೀವು ಬೆಳಿಗ್ಗೆ ಕೆಮ್ಮಿದ್ರೆ, ಬರೆಯೋದು ಬಿಟ್ಟು ಗೋಡಿ ಕಡಿಗೆ ನೋಡ್ತಾರೆ."

ಶಿವಮೂರ್ತಪ್ಪ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು, ಮತ್ತೆ ತೆಗೆದರು.

"ಹೋಗವ್ವಾ," ಅಂದರು. "ಸೋಮವಾರ ಟೈಮಿಗೆ ಸರಿಯಾಗಿ ಬಾ. ನಾನೂ ಆಣೆ ಮುರಿದೆ, ಯಾರು ಯಾರನ್ನ ಬಿಡಿಸೋದು?"

ಇಬ್ಬರೂ ರಸ್ತೆಗೆ ಇಳಿದರು. ಬಿಸಿಲಿಗೆ ಅವನ ಕಿವಿ ಕೆಂಪಾಗಿತ್ತು. ಅಥವಾ ಬಿಸಿಲಿಗಲ್ಲವೋ ಏನೋ. ಆಟೋ ಹತ್ತಿದ ಮೇಲೆ, "ನಿಮ್ಮ ಅವ್ವ ಒಪ್ಪಲಿಲ್ಲ ಅಂದ್ರೆ?" ಅಂದ.

"ಒಪ್ಪೋ ತನಕ ಅಲ್ಲೇ ಕೂಡ್ರಿ. ಬೈತಾಳೆ. ನನಗಿಂತ ಚಂದ ಬೈತಾಳೆ."

"ಕೆಲಸಾನೂ ಇಲ್ಲ ಈಗ ನಂಗೆ."

"ಮನುಷ್ಯ ಇದೀರಲ್ಲ," ಅಂದಳು ಆಶಾರಾಣಿ. "ನಿನ್ನೆ ಅದೂ ಗೊತ್ತಿರಲಿಲ್ಲ."

ಆಟೋ ಪಿ.ಜೆ. ಬಡಾವಣೆಯ ತಿರುವಿನಲ್ಲಿ ಜೋಲಿ ಹೊಡೆಯಿತು. ದನಿ ಇದ್ದ ಕಡೆ ಮನುಷ್ಯ ಇರದೆಯೂ ಇರಬಹುದೆಂದು ಕಣ್ಣಾರೆ ಕಂಡು ಬಂದವಳು ಅವಳು. ಅವನ ಅಂಗಿಯ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಳು. ಸರಸ್ವತಿ ನಗರ ಬರುವ ತನಕ ಬಿಡಲಿಲ್ಲ.